ಬಿಡಿಭಾಗಗಳಿಂದ ಜಾಲಪುಟ: ಹುಟ್ಟು, ಬೆಳವಣಿಗೆ ಮತ್ತು ಕನ್ನಡದ ಪ್ರಶ್ನೆ

ಓದುಗನ ಕಣ್ಣಿಗೆ ಜಾಲಪುಟವು ಅಚ್ಚಿನ ಪುಟದಂತೆ ಅಖಂಡವಾಗಿಯೇ ತೋರುತ್ತದೆ. ಆದರೆ ಬಹುಮಟ್ಟಿಗೆ ಅದು ಅಖಂಡವಲ್ಲ. ಮೇಲಣ ಶೀರ್ಷಿಕೆ, ಪಕ್ಕದ ಸೂಚಿ, ನಡುವಣ ಲೇಖನ, ಅಡಿಯಲ್ಲಿರುವ ವಿಳಾಸ, ಇವೆಲ್ಲವೂ ಬೇರೆಬೇರೆ ಕೈಗಳಿಂದ ಬೇರೆಬೇರೆ ಕಾಲಗಳಲ್ಲಿ ಸಿದ್ಧವಾಗಿದ್ದು, ಓದುಗನು ಪುಟವನ್ನು ಬೇಡಿದ ಕ್ಷಣದಲ್ಲಿ ದೂರದ ಸರ್ವರ್ ಯಂತ್ರವೊಂದರಲ್ಲಿ ಒಂದುಗೂಡಿ ಅವನೆಡೆಗೆ ಬರುತ್ತವೆ. ಒಮ್ಮೆ ಮಾಡಿಟ್ಟ ಭಾಗವನ್ನು ಸಾವಿರ ಪುಟಗಳಲ್ಲಿ ಬಳಸುವ ಈ ಪದ್ಧತಿ ಹೇಗೆ ಹುಟ್ಟಿತು, ಯಾವ ಅಗತ್ಯಗಳಿಂದ ಬೆಳೆಯಿತು, ಕನ್ನಡಕ್ಕೆ ಇದರಿಂದ ಒದಗಿದ ಪ್ರಯೋಜನವೇನು, ತೊಡಕೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಚರಿತ್ರೆಯನ್ನು ಯಂತ್ರಗಳ ವೇಗದ ಚರಿತ್ರೆಯೆಂದು ಹೇಳುವ ರೂಢಿಯುಂಟು. ವಸ್ತುತಃ ಇದು ಕೆಲಸವನ್ನು ಹಂಚಿಕೊಂಡ ಬಗೆಯ ಚರಿತ್ರೆ. ಪುಟವನ್ನು ಎಲ್ಲಿ ಕತ್ತರಿಸಬೇಕು, ಕತ್ತರಿಸಿದ ಭಾಗವು ಯಾರ ವಶದಲ್ಲಿರಬೇಕು ಎಂಬ ಎರಡು ಪ್ರಶ್ನೆಗಳು ಇದರ ಉದ್ದಕ್ಕೂ ಕಾಣುತ್ತವೆ.

1. ಹಿನ್ನೆಲೆ

ಕನ್ನಡ ಶಾಸನಗಳನ್ನು ಓದಿದವರಿಗೆ ಮೂಲ ಕಲ್ಪನೆಯು ಅಪರಿಚಿತವಲ್ಲ. ಬಾಣನ ಹರ್ಷಚರಿತದ ಆದಿಯಲ್ಲಿ ಬರುವ ಶಿವಸ್ತುತಿಯೊಂದು ಕರ್ಣಾಟಕದ ಅಸಂಖ್ಯ ಶಾಸನಗಳ ತಲೆಯಲ್ಲಿ ನಿಂತಿದೆ. ಜೈನಶಾಸನಗಳಿಗೆ ಬೇರೊಂದು ಸ್ತುತಿಪದ್ಯ ಸಿದ್ಧವಾಗಿತ್ತು. ರಾಜವಂಶದ ಪ್ರಶಸ್ತಿಯೂ, ದತ್ತಿಯನ್ನು ಕೆಡಿಸಿದವರಿಗೆ ಒದಗುವ ಪಾಪವನ್ನು ಸಾರುವ ಕೊನೆಯ ಶ್ಲೋಕಗಳೂ ಹೀಗೆಯೇ ಸಿದ್ಧಪಾಠಗಳು. ನಡುವೆ ಬರುವ ದಾನಿಯ ಹೆಸರು, ಊರು, ತಿಥಿ, ಭೂಮಿಯ ಎಲ್ಲೆ ಇಷ್ಟೇ ಆಯಾ ಶಾಸನದ ಹೊಸ ಮಾತು. ಅಚ್ಚುಕೂಟದಲ್ಲಿಯೂ ನಿಯತಕಾಲಿಕದ ಶಿರೋನಾಮವನ್ನು ಒಮ್ಮೆ ಜೋಡಿಸಿಟ್ಟುಕೊಂಡು ಪ್ರತಿ ಸಂಚಿಕೆಗೂ ಅದೇ ಮೊಳೆಗಳನ್ನು ಬಳಸುತ್ತಿದ್ದರು.

ಆದರೆ ಒಂದು ಭೇದವನ್ನು ಇಲ್ಲಿಯೇ ಗುರುತಿಸಬೇಕು. ಶಾಸನದ ಸಿದ್ಧಪಾಠವು ಪ್ರತಿಯಾಗಿ ಕಲ್ಲಿಗೆ ಇಳಿಯುತ್ತದೆ. ಒಂದು ಕಲ್ಲಿನಲ್ಲಿ ತಪ್ಪನ್ನು ತಿದ್ದಿದರೆ ಉಳಿದ ಕಲ್ಲುಗಳ ತಪ್ಪು ಹಾಗೆಯೇ ಉಳಿಯುತ್ತದೆ. ಜಾಲಪುಟದ ಭಾಗವಾದರೋ ಒಂದೇ ಕಡೆ ಇದ್ದು, ಪುಟಗಳು ಅದನ್ನು ಹೆಸರು ಹಿಡಿದು ಕರೆಯುತ್ತವೆ. ಮೂಲವನ್ನು ತಿದ್ದಿದರೆ ಕರೆದ ಪುಟಗಳೆಲ್ಲ ತಿದ್ದಿಕೊಳ್ಳುತ್ತವೆ. ಪ್ರತಿಯ ಬದಲು ಕರೆ ಎಂಬ ಈ ಪಲ್ಲಟವೇ ವಿಷಯದ ಜೀವಾಳ.

ಗಣಕಯಂತ್ರಗಳ ಲೋಕದಲ್ಲಿ ಮರುಬಳಕೆಯ ಯೋಚನೆ ಆದಿಯಿಂದಲೂ ಇದೆ. 1949ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಯಂತ್ರಕ್ಕಾಗಿ, ಪದೇಪದೇ ಬೇಕಾಗುವ ಲೆಕ್ಕಗಳ ಕ್ರಮವಿಧಿಗಳನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿಟ್ಟಿದ್ದರು. ಬೇಕಾದವರು ಅವನ್ನು ತಮ್ಮ ಪಟ್ಟಿಗೆ ನಕಲು ಮಾಡಿಕೊಳ್ಳುತ್ತಿದ್ದರು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ಈ ಪದ್ಧತಿಯನ್ನು 1951ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. 1968ರಲ್ಲಿ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ನಡೆದ ಸಮ್ಮೇಳನದಲ್ಲಿ ಡಗ್ಲಸ್ ಮೆಕಿಲ್‌ರಾಯ್ ಎಂಬ ವಿದ್ವಾಂಸರು, ಇತರ ಉದ್ಯಮಗಳಲ್ಲಿ ಬಿಡಿಭಾಗಗಳು ದೊರೆಯುವಂತೆ ಕ್ರಮವಿಧಿಗಳ ಬಿಡಿಭಾಗಗಳೂ ಸಿದ್ಧವಾಗಿ ದೊರೆಯಬೇಕೆಂದು ವಾದಿಸಿದರು. ಬರಹದ ಪಕ್ಷದಿಂದ ಇದೇ ಆಸೆಯನ್ನು ಮುಂದಿಟ್ಟವರು ಟೆಡ್ ನೆಲ್ಸನ್. 1965ರಲ್ಲಿ ಹೈಪರ್‌ಟೆಕ್ಸ್ಟ್ ಎಂಬ ಶಬ್ದವನ್ನು ಬಳಕೆಗೆ ತಂದ ಇವರು, ಒಂದು ಬರಹದ ಭಾಗವು ತನ್ನ ಮೂಲದ ಸಂಬಂಧ ಕಡಿದುಕೊಳ್ಳದೆಯೇ ಮತ್ತೊಂದು ಬರಹದೊಳಗೆ ಕಾಣಿಸಿಕೊಳ್ಳುವ ವ್ಯವಸ್ಥೆಗೆ ಟ್ರಾನ್ಸ್‌ಕ್ಲೂಷನ್ ಎಂದು ಹೆಸರಿಟ್ಟರು.

2. ಸ್ಥಿರಪುಟದಿಂದ ಚಲಪುಟಕ್ಕೆ

ಟಿಮ್ ಬರ್ನರ್ಸ್-ಲೀ ಅವರು ಜಿನೀವದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1989ರ ಮಾರ್ಚಿಯಲ್ಲಿ ಮುಂದಿಟ್ಟ ಸಲಹೆಯಿಂದ ವಿಶ್ವವ್ಯಾಪಿ ಜಾಲವು ಹುಟ್ಟಿತು. 1991ರಲ್ಲಿ ಹೊರಜಗತ್ತಿಗೆ ತೆರೆದ ಈ ಜಾಲದಲ್ಲಿ ಪುಟವೆಂದರೆ ಬಹುತೇಕ ಒಂದು ಕಡತ. ಬೇಡಿದ ಕಡತವನ್ನು ಇದ್ದಂತೆಯೇ ಎತ್ತಿ ಕೊಡುವುದಷ್ಟೇ ಸರ್ವರಿನ ಕೆಲಸ. ಇಂತಹದನ್ನು ಸ್ಥಿರಪುಟವೆನ್ನಬಹುದು. ನೂರು ಪುಟಗಳಿರುವ ಸಂಸ್ಥೆಯ ವಿಳಾಸ ಬದಲಾದರೆ ನೂರು ಕಡತಗಳನ್ನೂ ತೆರೆದು ತಿದ್ದಬೇಕು. ಶಾಸನಗಳ ಕಷ್ಟವೇ ಇಲ್ಲಿಯೂ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಎನ್.ಸಿ.ಎಸ್.ಎ. ಕೇಂದ್ರದಲ್ಲಿ ರಾಬ್ ಮೆಕೂಲ್ ಎಂಬ ತರುಣರು ಬರೆದ ಸರ್ವರ್ ಕ್ರಮವಿಧಿಯು ಈ ಕಟ್ಟನ್ನು ಎರಡು ಕಡೆಗಳಲ್ಲಿ ಸಡಿಲಿಸಿತು. ಮೊದಲನೆಯದು 1993ರಲ್ಲಿ ರೂಪುಗೊಂಡ ಸಿ.ಜಿ.ಐ. ಎಂಬ ಒಡಂಬಡಿಕೆ. ಇದರಂತೆ ಸರ್ವರು ಕಡತವನ್ನು ಕೊಡುವ ಬದಲು ಬೇರೊಂದು ಕ್ರಮವಿಧಿಯನ್ನು ನಡೆಸಿ, ಅದು ಹೊರಹಾಕಿದ ಬರಹವನ್ನು ಪುಟವೆಂದು ಕಳುಹಿಸಿತು. ಹೀಗೆ ಬೇಡಿಕೆಗೆ ತಕ್ಕಂತೆ ಬದಲಾಗುವ ಚಲಪುಟ ಸಾಧ್ಯವಾಯಿತು. ಆದರೆ ಪ್ರತಿಯೊಂದು ಬೇಡಿಕೆಗೂ ಯಂತ್ರವು ಹೊಸದಾಗಿ ಒಂದು ಕ್ರಮವಿಧಿಯನ್ನು ಎಬ್ಬಿಸಬೇಕಾಗಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಪುಟದ ಬರಹವೆಲ್ಲ ಪರ್ಲ್ ಮೊದಲಾದ ಭಾಷೆಗಳ ಕ್ರಮವಿಧಿಯೊಳಗೆ ಹುದುಗಿಹೋಯಿತು. ಒಂದು ಅಲ್ಪವಿರಾಮವನ್ನು ತಿದ್ದಬೇಕಾದರೂ ಕ್ರಮವಿಧಿ ಬಲ್ಲವನನ್ನೇ ಕರೆಯಬೇಕಾಯಿತು.

ಎರಡನೆಯದು ಸರ್ವರ್ ಸೈಡ್ ಇನ್‌ಕ್ಲೂಡ್ ಎಂಬ ಸರಳವಾದ ಉಪಾಯ. ಪುಟದ ನಡುವೆ ಟಿಪ್ಪಣಿಯ ಗುರುತಿನೊಳಗೆ, ಇಂಥ ಕಡತವನ್ನು ಇಲ್ಲಿ ಸೇರಿಸು ಎಂಬ ಸೂಚನೆಯನ್ನು ಬರೆದರೆ, ಸರ್ವರು ಪುಟವನ್ನು ಕಳುಹಿಸುವ ಮುನ್ನ ಓದಿ ಆ ಕಡತವನ್ನು ಅಲ್ಲಿ ತುಂಬುತ್ತಿತ್ತು. ಶೀರ್ಷಿಕೆಗೊಂದು ಕಡತ, ಅಡಿಬರಹಕ್ಕೊಂದು ಕಡತ. ನೂರು ಪುಟಗಳ ವಿಳಾಸ ಈಗ ಒಂದೇ ತಿದ್ದುಪಡಿಯಿಂದ ಬದಲಾಗುತ್ತದೆ. ಕ್ರಮವಿಧಿ ಅರಿಯದ ಗುಮಾಸ್ತನೂ ಇದನ್ನು ಬಳಸಬಲ್ಲನಾದನು. 1995ರಲ್ಲಿ ಹೊರಬಂದ ಅಪಾಚೆ ಸರ್ವರು ಈ ಉಪಾಯವನ್ನು ಮುಂದುವರಿಸಿತು. ಜಾಲಪುಟವನ್ನು ಭಾಗಗಳಿಂದ ಕಟ್ಟುವ ಪದ್ಧತಿಗೆ ಇದನ್ನೇ ಬೀಜವೆಂದು ತಿಳಿಯಬಹುದು. ಒಂದು ಕೊರತೆ ಮಾತ್ರ ಉಳಿಯಿತು: ಸೇರಿಸಿದ ಭಾಗ ಎಲ್ಲೆಡೆಯೂ ಒಂದೇ ಆಗಿರುತ್ತಿತ್ತು. ಪುಟಪುಟಕ್ಕೆ ತಕ್ಕ ವಿವರಗಳನ್ನು ಸ್ವೀಕರಿಸಿ ರೂಪ ತಾಳುವ ಶಕ್ತಿ ಅದಕ್ಕೆ ತಕ್ಕಮಟ್ಟಿಗೂ ಇರಲಿಲ್ಲ.

3. ಮಿಶ್ರಣದ ಯುಗ

ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ರಾಸ್ಮಸ್ ಲರ್ಡಾರ್ಫ್ ಅವರು 1994ರಲ್ಲಿ ತಮ್ಮ ಸ್ವಂತ ಪುಟಕ್ಕಾಗಿ ಕೆಲವು ಉಪಕರಣಗಳನ್ನು ಬರೆದುಕೊಂಡು, 1995ರ ಜೂನ್ ತಿಂಗಳಲ್ಲಿ ಅವನ್ನು ಸಾರ್ವಜನಿಕರಿಗೆ ಒಪ್ಪಿಸಿದರು. ಇದೇ ಪಿ.ಎಚ್.ಪಿ. ಸಿ.ಜಿ.ಐ. ಪದ್ಧತಿಯಲ್ಲಿ ಪುಟವು ಕ್ರಮವಿಧಿಯೊಳಗಿದ್ದರೆ ಇಲ್ಲಿ ಕ್ರಮವಿಧಿಯೇ ಪುಟದೊಳಗೆ ಬಂದಿತು. ಅದೇ ವರ್ಷ ಅಲೇರ್ ಸಂಸ್ಥೆಯ ಕೋಲ್ಡ್‌ಫ್ಯೂಷನ್, 1996ರ ಕೊನೆಯಲ್ಲಿ ಮೈಕ್ರೋಸಾಫ್ಟಿನ ಎ.ಎಸ್.ಪಿ., 1999ರಲ್ಲಿ ಸನ್ ಸಂಸ್ಥೆಯ ಜೆ.ಎಸ್.ಪಿ. ಇದೇ ದಾರಿಯಲ್ಲಿ ನಡೆದವು. ಆಂಡಿ ಗುಟ್ಮನ್ಸ್ ಮತ್ತು ಜೀವ್ ಸುರಾಸ್ಕಿ ಎಂಬ ಇಬ್ಬರು ಹೊಸದಾಗಿ ಕಟ್ಟಿದ ಪಿ.ಎಚ್.ಪಿ.ಯ 3ನೆಯ ಆವೃತ್ತಿಯು 1998ರಲ್ಲಿ ಬಂದ ಮೇಲೆ ಈ ಪದ್ಧತಿ ಬಹಳ ಬೇಗ ಹರಡಿತು.

ಕೆಲಸ ಸುಲಭವಾಯಿತು; ಶಿಸ್ತು ಸಡಿಲವಾಯಿತು. ದತ್ತಾಂಶಕೋಶದ ಪ್ರಶ್ನೆ, ಲೆಕ್ಕಾಚಾರ, ಪುಟದ ವಿನ್ಯಾಸ ಇವು ಮೂರೂ ಒಂದೇ ಕಡತದಲ್ಲಿ ಹೆಣೆದುಕೊಂಡವು. ಓದುಗನು ಕಳುಹಿಸಿದ ಮಾತನ್ನು ಶೋಧಿಸದೆ ಪುಟದಲ್ಲಿ ತುಂಬಿದರೆ, ಆ ಮಾತಿನೊಳಗೆ ಅಡಗಿಸಿಟ್ಟ ಕ್ರಮವಿಧಿಯೂ ಓಡುತ್ತದೆಂಬ ಅಪಾಯವನ್ನು 2000ದ ಫೆಬ್ರವರಿಯಲ್ಲಿ ಅಮೆರಿಕದ ಸರ್ಟ್ ಸಂಸ್ಥೆಯು ಬಹಿರಂಗವಾಗಿ ಎಚ್ಚರಿಸಿತು. ಭಾಗಗಳನ್ನು ಜೋಡಿಸುವ ಪ್ರತಿಯೊಂದು ಸಂಧಿಯೂ ಕಾವಲನ್ನು ಬೇಡುವ ಬಾಗಿಲೆಂಬುದು ಆಗ ಸ್ಪಷ್ಟವಾಯಿತು.

4. ಘಟಕದ ಕಲ್ಪನೆ

ಮಿಶ್ರಣದ ಯುಗ ಮೊದಲಾಗುವ ಹೊತ್ತಿಗೇ ಬೇರೊಂದು ದಾರಿಯೂ ತೆರೆದಿತ್ತು. ನೆಕ್ಸ್ಟ್ ಸಂಸ್ಥೆಯು 1996ರಲ್ಲಿ ಹೊರತಂದ ವೆಬ್‌ಆಬ್ಜೆಕ್ಟ್ಸ್ ಎಂಬ ವ್ಯವಸ್ಥೆಯಲ್ಲಿ ಪುಟದ ಪ್ರತಿಯೊಂದು ಭಾಗವೂ ಒಂದು ಸ್ವತಂತ್ರ ಘಟಕ. ಅದಕ್ಕೆ ಮೂರು ಅಂಗಗಳು: ವಿನ್ಯಾಸದ ಅಚ್ಚು, ನಡವಳಿಕೆಯ ಕ್ರಮವಿಧಿ, ಇವೆರಡನ್ನೂ ಬೆಸೆಯುವ ಸಂಬಂಧಪಟ್ಟಿ. ಘಟಕದೊಳಗೆ ಘಟಕಗಳು ಇರಬಹುದು. ಹೊರಗಿನ ಘಟಕವು ಒಳಗಿನದಕ್ಕೆ ಬೇಕಾದ ವಿವರಗಳನ್ನು ಒದಗಿಸುತ್ತದೆ. ಇನ್‌ಕ್ಲೂಡ್ ಪದ್ಧತಿಯಲ್ಲಿ ಕಾಣದ ಗುಣ ಇದು. ಮುಂದೆ ನೆಕ್ಸ್ಟ್ ಸಂಸ್ಥೆಯನ್ನು ಆಪಲ್ ಕೊಂಡಿತು. ಆಪಲಿನ ಜಾಲಮಳಿಗೆ 1997ರಲ್ಲಿ ಇದೇ ವ್ಯವಸ್ಥೆಯ ಮೇಲೆ ನಿಂತಿತು. ಆದರೆ ಇದರ ಬೆಲೆ 2000ದವರೆಗೆ 50,000 ಡಾಲರುಗಳಷ್ಟಿತ್ತು. ಆ ವರ್ಷ ಅದನ್ನು 699 ಡಾಲರಿಗೆ ಇಳಿಸಿದರು. ಸೊಗಸಾದ ಉಪಕರಣವು ಧನಿಕರ ಕೈಯಲ್ಲಿ ಉಳಿದು, ಉಚಿತವಾದ ಪಿ.ಎಚ್.ಪಿ. ಜನಸಾಮಾನ್ಯರ ಪಾಲಾದುದು ಸಹಜವೇ.

2002ರಲ್ಲಿ ಬಂದ ಮೈಕ್ರೋಸಾಫ್ಟಿನ ಎ.ಎಸ್.ಪಿ. ಡಾಟ್ ನೆಟ್ ಘಟಕದ ಕಲ್ಪನೆಯನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಪುಟದ ಗುಂಡಿ, ಪಟ್ಟಿ, ಕೋಷ್ಟಕಗಳೆಲ್ಲವೂ ಸರ್ವರಿನಲ್ಲಿರುವ ಘಟಕಗಳಾದವು. ಆದರೆ ಘಟಕಗಳ ಸ್ಥಿತಿಯನ್ನು ನೆನಪಿಡಲು ಒಂದು ಗುಪ್ತ ಕ್ಷೇತ್ರವನ್ನು ಪುಟದಲ್ಲಿಯೇ ಅಡಗಿಸಿ ಪ್ರತಿ ಸಲವೂ ಓದುಗನ ಯಂತ್ರಕ್ಕೆ ಕಳುಹಿಸಿ ಹಿಂದಕ್ಕೆ ತರಿಸಿಕೊಳ್ಳಬೇಕಾಗಿತ್ತು. ಘಟಕಗಳು ಹೆಚ್ಚಿದಂತೆ ಈ ಗುಪ್ತಭಾರವೂ ಬೆಳೆದು, ಮಂದಗತಿಯ ಸಂಪರ್ಕವುಳ್ಳವರಿಗೆ ತೊಂದರೆಯಾಯಿತು. ಜಾಲದ ನಿಜವಾದ ನಡೆಯನ್ನು ಘಟಕದ ಹಿಂದೆ ಪೂರ್ತಿಯಾಗಿ ಮರೆಮಾಡಲು ಹೊರಟರೆ ಅದರ ಬೆಲೆಯನ್ನು ಓದುಗನೇ ತೆರಬೇಕಾಗುತ್ತದೆಂಬ ಪಾಠ ಇದರಿಂದ ದೊರೆಯಿತು.

ಪುಟದ ವಿನ್ಯಾಸಕನಿಗೂ ಕ್ರಮವಿಧಿಯ ಲೇಖಕನಿಗೂ ನಡುವೆ ಎಲ್ಲೆ ಹಾಕುವ ಯತ್ನಗಳು ಇದೇ ಕಾಲದಲ್ಲಿ ಬಲಗೊಂಡವು. ಟೆರೆನ್ಸ್ ಪಾರ್ ಅವರು 2004ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಅಚ್ಚಿನೊಳಗೆ ಲೆಕ್ಕಾಚಾರಕ್ಕೆ ಅವಕಾಶವನ್ನೇ ಕೊಡಬಾರದೆಂದು ವಾದಿಸಿದರು. ಕಾನ್ಸಾಸ್ ಪ್ರಾಂತದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯೊಂದರ ಕಾರ್ಯಾಲಯದಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಜಾಂಗೋ ಎಂಬ ಚೌಕಟ್ಟು ಇಲ್ಲಿ ವಿಶೇಷವಾಗಿ ಗಮನಾರ್ಹ. ವೃತ್ತಪತ್ರಿಕೆಯವರಿಗೆ ಗಂಟೆಗಳೊಳಗೆ ಹೊಸ ಪುಟಗಳು ಬೇಕು. ಎಲ್ಲ ಪುಟಗಳಿಗೂ ಒಂದೇ ಮುಖವೂ ಬೇಕು. ಜಾಂಗೋ ಇದಕ್ಕೆ ಅಚ್ಚುಗಳ ಆನುವಂಶಿಕತೆಯನ್ನು ಬಳಸಿತು. ಮೂಲ ಅಚ್ಚಿನಲ್ಲಿ ಹೆಸರಿಟ್ಟ ಖಾಲಿಜಾಗಗಳಿರುತ್ತವೆ. ಮರಿಯಚ್ಚು ತನಗೆ ಬೇಕಾದ ಜಾಗವನ್ನಷ್ಟೇ ತುಂಬಿ ಉಳಿದುದನ್ನು ಇದ್ದಂತೆ ಸ್ವೀಕರಿಸುತ್ತದೆ. ಇನ್‌ಕ್ಲೂಡ್ ಪದ್ಧತಿಯಲ್ಲಿ ಪುಟವು ಭಾಗಗಳನ್ನು ಕರೆದರೆ ಇಲ್ಲಿ ಚೌಕಟ್ಟೇ ಪುಟದ ತಿರುಳನ್ನು ಕರೆಯುತ್ತದೆ.

ಭಾಗಗಳ ಆಯುಸ್ಸು ಒಂದೇ ಅಲ್ಲವೆಂಬ ಸಂಗತಿಯನ್ನು 2001ರಲ್ಲಿ ಅಕಮೈ, ಓರಕಲ್ ಮೊದಲಾದ ಸಂಸ್ಥೆಗಳು ಪ್ರಕಟಿಸಿದ ಎಡ್ಜ್ ಸೈಡ್ ಇನ್‌ಕ್ಲೂಡ್ಸ್ ಎಂಬ ಯೋಜನೆ ಗುರುತಿಸಿತು. ಸುದ್ದಿಯ ಶೀರ್ಷಿಕೆ ನಿಮಿಷಕ್ಕೊಮ್ಮೆ ಬದಲಾಗಬಹುದು. ಅಡಿಬರಹ ವರ್ಷವಿಡೀ ಹಾಗೆಯೇ ಇರಬಹುದು. ಆದಕಾರಣ ಪ್ರತಿ ಭಾಗಕ್ಕೂ ಪ್ರತ್ಯೇಕ ಅವಧಿಯನ್ನು ಗೊತ್ತುಮಾಡಿ, ಓದುಗನಿಗೆ ಸಮೀಪದ ಯಂತ್ರದಲ್ಲಿಯೇ ಪುಟವನ್ನು ಜೋಡಿಸುವುದು ಈ ಯೋಜನೆಯ ಕ್ರಮ.

ತರುವಾಯದ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಫೇಸ್‌ಬುಕ್ ಸಂಸ್ಥೆಯು 2010ರಲ್ಲಿ ಪಿ.ಎಚ್.ಪಿ.ಗೆ ಸೇರಿಸಿದ ಎಕ್ಸ್.ಎಚ್.ಪಿ. ಎಂಬ ವಿಸ್ತರಣದಲ್ಲಿ ಪುಟದ ಘಟಕಗಳು ಕ್ರಮವಿಧಿಯ ಅಂಗಗಳೇ ಆದವು. ತುಂಬಿದ ಮಾತನ್ನು ಶೋಧಿಸುವ ಕಾವಲೂ ತಾನಾಗಿಯೇ ನಡೆಯಿತು. ಇದೇ ಬಗೆಯ ಬರವಣಿಗೆಯನ್ನು ಬ್ರೌಸರಿಗೆ ಒಯ್ದ ರಿಯಾಕ್ಟ್ 2013ರಲ್ಲಿ ಹೊರಬಂದಿತು. ಪುಟ ಕಟ್ಟುವ ಕೆಲಸದ ಬಹುಭಾಗ ಓದುಗನ ಯಂತ್ರಕ್ಕೆ ಹೋಯಿತು. ಅದರ ಭಾರ ಹೆಚ್ಚಿದ ಮೇಲೆ, 2020ರ ಡಿಸೆಂಬರಿನಲ್ಲಿ ಅದೇ ರಿಯಾಕ್ಟ್‌ನ ನಿರ್ಮಾಪಕರು ಸರ್ವರಿನಲ್ಲಿ ಮಾತ್ರ ನಡೆಯುವ ಘಟಕಗಳ ಯೋಜನೆಯನ್ನು ಪ್ರಕಟಿಸಿದರು. ಸರ್ವರಿನಿಂದ ಹೊರಟ ಘಟಕವು ಹೀಗೆ ಸರ್ವರಿಗೇ ಮರಳಿತು.

5. ಕನ್ನಡದ ನೆಲೆ

ಭಾಗಗಳನ್ನು ಕೂಡಿಸಬೇಕಾದರೆ ಅವೆಲ್ಲಕ್ಕೂ ಒಂದೇ ಲಿಪಿಸಂಕೇತವಿರಬೇಕು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಸಾಮಾನ್ಯರ ಗಣಕಗಳಲ್ಲಿ ಅದರ ಬಳಕೆಗೆ ಅನುಕೂಲವಾದುದು ತುಂಗ ಎಂಬ ಅಕ್ಷರಶೈಲಿಯೊಡನೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ. ಅದಕ್ಕೆ ಮುಂಚೆ ಒಂದೊಂದು ಅಕ್ಷರಶೈಲಿಗೆ ಒಂದೊಂದು ಸಂಕೇತ. ಒಂದರಲ್ಲಿ ಬರೆದ ಭಾಗ ಮತ್ತೊಂದರ ಪುಟದಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಸಮಾನ ಸಂಕೇತವು ಬಳಕೆಗೆ ಬಂದ ಮೇಲೆಯೇ ಕನ್ನಡದಲ್ಲಿ ಹಂಚಿಕೊಳ್ಳಬಹುದಾದ ಭಾಗವೆಂಬುದು ಸಾಧ್ಯವಾಯಿತು.

ಇದರ ಅತ್ಯಂತ ವಿಶಾಲವಾದ ನಿದರ್ಶನ 2003ರ ಜೂನ್ ತಿಂಗಳಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ಅದನ್ನು ನಡೆಸುವ ಮೀಡಿಯವಿಕಿ ಎಂಬ ತಂತ್ರಾಂಶ ಪಿ.ಎಚ್.ಪಿ.ಯಲ್ಲಿ ಬರೆದುದು. 2004ರಲ್ಲಿ ಅದರಲ್ಲಿ ಟೆಂಪ್ಲೇಟುಗಳಿಗೆ ಪ್ರತ್ಯೇಕವಾದ ನೆಲೆ ಏರ್ಪಟ್ಟಿತು. ಲೇಖನದಲ್ಲಿ ಇಬ್ಬಗೆಯ ಪುಷ್ಪಾವರಣಗಳ ನಡುವೆ ಟೆಂಪ್ಲೇಟಿನ ಹೆಸರನ್ನೂ ವಿವರಗಳನ್ನೂ ಬರೆದರೆ ಸರ್ವರು ಆ ಭಾಗವನ್ನು ಅಲ್ಲಿ ರಚಿಸಿಕೊಡುತ್ತದೆ. ಇಲ್ಲಿ ಭಾಗವನ್ನು ಬರೆಯುವವನೂ ಲೇಖನವನ್ನು ಬರೆಯುವವನೂ ಸ್ವಯಂಸೇವಕರೇ. ನೆಲ್ಸನ್ ಅವರ ಆಸೆಯು ಸಾಮಾನ್ಯ ಬರಹಗಾರನ ಕೈಗೆ ಬಂದುದು ಈ ರೂಪದಲ್ಲಿ. ಬಹುಜನ ಬಳಸುವ ಟೆಂಪ್ಲೇಟನ್ನು ಒಬ್ಬನು ಕೆಡಿಸಿದರೆ ಸಾವಿರ ಪುಟಗಳು ಕೆಡುತ್ತವೆಯಾದ್ದರಿಂದ ಅಂಥವಕ್ಕೆ ಕಾವಲು ಹಾಕುವ ಪದ್ಧತಿಯೂ ಇದೆ. 2013ರಿಂದ, ಬ್ರೆಜಿಲಿನಲ್ಲಿ ಹುಟ್ಟಿದ ಲುವಾ ಎಂಬ ಭಾಷೆಯಲ್ಲಿ ಭಾಗಗಳನ್ನು ಬರೆಯುವ ಅವಕಾಶವೂ ಒದಗಿದೆ.

ಕೆಲಸ ಮಾಡುವ ಕೈಗಳು ಕಡಮೆಯಿರುವ ಭಾಷೆಗೆ ಈ ವ್ಯವಸ್ಥೆ ದೊಡ್ಡ ಆಸರೆ. ಒಬ್ಬನು ಮುಂಬಯಿಯಲ್ಲಿ ಕುಳಿತು ರಚಿಸಿದ ಭಾಗವನ್ನು ಮತ್ತೊಬ್ಬನು ಧಾರವಾಡದಲ್ಲಿ ಬಳಸಬಹುದು. ಆದರೆ ಕನ್ನಡ ವಿಕಿಪೀಡಿಯದ ಅನೇಕ ಟೆಂಪ್ಲೇಟುಗಳು ಇಂಗ್ಲಿಷ್ ವಿಕಿಪೀಡಿಯದಿಂದ ತಂದವು. ಮೇಲಣ ಮಾತುಗಳನ್ನು ಕನ್ನಡಿಸಿದರೂ ಎಲ್ಲಿ ಕತ್ತರಿಸಬೇಕೆಂಬ ನಿರ್ಣಯ ಇಂಗ್ಲಿಷಿನದಾಗಿಯೇ ಉಳಿಯುತ್ತದೆ. ತೊಡಕು ಇರುವುದು ಇಲ್ಲಿಯೇ.

ಇಂಗ್ಲಿಷಿನಲ್ಲಿ ವಾಕ್ಯದ ನಡುವೆ ಖಾಲಿಜಾಗ ಬಿಟ್ಟು ಯಾವ ಊರಿನ ಹೆಸರನ್ನು ತುಂಬಿದರೂ ವಾಕ್ಯ ಕೆಡದು. ಸ್ಥಳವನ್ನು ಸೂಚಿಸುವ ಪದವು ಹೆಸರಿಗಿಂತ ಮುಂಚೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿಯು ಹೆಸರಿನೊಡನೆ ಬೆಸೆದುಕೊಳ್ಳುತ್ತದೆ. ಮೈಸೂರು ಮೈಸೂರಿನಲ್ಲಿ ಆಗುತ್ತದೆ, ಧಾರವಾಡ ಧಾರವಾಡದಲ್ಲಿ ಆಗುತ್ತದೆ, ಮಡಿಕೇರಿ ಮಡಿಕೇರಿಯಲ್ಲಿ ಆಗುತ್ತದೆ. ಕೊನೆಯ ಅಕ್ಷರವನ್ನು ನೋಡಿ ನಿರ್ಣಯಿಸೋಣವೆಂದರೆ ಅದೂ ಸಾಲದು: ಊರು, ಗುರು ಎರಡೂ ಉಕಾರಾಂತಗಳಾದರೂ ಒಂದು ಊರಿನ ಎಂದೂ ಇನ್ನೊಂದು ಗುರುವಿನ ಎಂದೂ ಆಗುತ್ತವೆ, ಮರ, ರಾಮ ಎರಡೂ ಅಕಾರಾಂತಗಳಾದರೂ ಮರದ, ರಾಮನ ಎಂದು ಲಿಂಗಭೇದದಿಂದ ಬೇರೆಯಾಗುತ್ತವೆ. ಕ್ರಿಯಾಪದವೂ ಬರೆದನು, ಬರೆದಳು, ಬರೆದರು ಎಂದು ಕರ್ತೃವನ್ನು ಅನುಸರಿಸುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿಗೂ ವಿಭಕ್ತಿಗೂ ಸೂತ್ರಗಳನ್ನು ಕಟ್ಟಿಕೊಡಬೇಕಾಯಿತೆಂದರೆ, ಕನ್ನಡದ ಪದಗಳು ಬಿಡಿಬಿಡಿಯಾಗಿ ಜೋಡಿಸಿಡುವ ಮೊಳೆಗಳಲ್ಲವೆಂಬುದೇ ಕಾರಣ.

ಇದನ್ನು ನಿವಾರಿಸಲು ಮೂರು ದಾರಿಗಳನ್ನು ಕಾಣಬಹುದು. ಮೊದಲನೆಯದು, ಹೆಸರಿಗೂ ಪ್ರತ್ಯಯಕ್ಕೂ ನಡುವೆ ಸ್ಥಿರವಾದ ಪದವೊಂದನ್ನು ಇಡುವುದು. ಮೈಸೂರು ನಗರದಲ್ಲಿ, ಧಾರವಾಡ ನಗರದಲ್ಲಿ ಎಂದರೆ ವಿಭಕ್ತಿಯು ನಗರವೆಂಬ ಪದಕ್ಕೆ ಹತ್ತುತ್ತದೆ; ಹೆಸರು ಬದಲಾದರೂ ವಾಕ್ಯ ಕೆಡುವುದಿಲ್ಲ. ವ್ಯಕ್ತಿಗಳ ಹೆಸರಿಗೆ ಅವರು ಎಂಬ ಗೌರವವಾಚಕವು ಇದೇ ಉಪಕಾರವನ್ನು ಮಾಡುತ್ತದೆ. ಕ್ರಿಯಾಪದದ ಲಿಂಗದ ತೊಡಕೂ ಅದರಿಂದ ತಪ್ಪುತ್ತದೆ. ಎರಡನೆಯದು, ವಾಕ್ಯವನ್ನೇ ಬಿಟ್ಟು ಜನನ, ವೃತ್ತಿ, ಸ್ಥಳ ಎಂಬ ತಲೆಬರಹಗಳ ಮುಂದೆ ಹೆಸರನ್ನಷ್ಟೇ ನಿಲ್ಲಿಸುವುದು. ಇದು ಸುಲಭ, ಆದರೆ ಎಲ್ಲೆಡೆಯೂ ಇದನ್ನೇ ನೆಚ್ಚಿದರೆ ವಾಕ್ಯವಿಲ್ಲದ, ಹೆಸರುಪಟ್ಟಿಯ ಕನ್ನಡವೊಂದು ಬೆಳೆದೀತು. ಮೂರನೆಯದು, ಕನ್ನಡದ ವ್ಯಾಕರಣವನ್ನೇ ಭಾಗದೊಳಗೆ ಬರೆಯುವುದು. ಹೆಸರಿನ ಲಿಂಗವನ್ನೂ ಪ್ರಕೃತಿಭೇದವನ್ನೂ ತಿಳಿಸಿದರೆ ಸರಿಯಾದ ವಿಭಕ್ತಿರೂಪವನ್ನು ಕೊಡುವ ಘಟಕವನ್ನು ರಚಿಸುವುದು ಅಸಾಧ್ಯವಲ್ಲ. ಮೀಡಿಯವಿಕಿಯಲ್ಲಿ ವ್ಯಾಕರಣ, ವಚನ, ಲಿಂಗಗಳಿಗೆ ತಕ್ಕಂತೆ ಮಾತನ್ನು ಬದಲಿಸುವ ಏರ್ಪಾಡು ಈಗಾಗಲೇ ಇದೆ. ವಾಕ್ಯವನ್ನು ತುಂಡು ಮಾಡಿ ಅನುವಾದಿಸದೆ, ಖಾಲಿಜಾಗಗಳಿಗೆ ಸಂಖ್ಯೆಯನ್ನಿಟ್ಟು ಇಡೀ ವಾಕ್ಯವನ್ನು ಅನುವಾದಕನಿಗೆ ಕೊಡುವ ಕ್ರಮವೂ ಅಲ್ಲಿದೆ. ಇದರಿಂದ ಕರ್ತೃ, ಕರ್ಮ, ಕ್ರಿಯೆಗಳನ್ನು ಕನ್ನಡದ ಅನುಕ್ರಮದಲ್ಲಿ ಇಡಲು ಸಾಧ್ಯವಾಗುತ್ತದೆ.

6. ಉಪಸಂಹಾರ

1993ರಿಂದ ಈಚಿನ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ, ಹೊಸ ವ್ಯವಸ್ಥೆಗಳು ಮತ್ತೆ ಮತ್ತೆ ಕತ್ತರಿಯ ಗೆರೆಯನ್ನು ಬೇರೊಂದು ಕಡೆ ಎಳೆದಿರುವುದು ಕಂಡುಬರುತ್ತದೆ. ಇನ್‌ಕ್ಲೂಡ್ ಪದ್ಧತಿಯು ಕಡತದ ಅಂಚಿನಲ್ಲಿ ಎಳೆಯಿತು, ವೆಬ್‌ಆಬ್ಜೆಕ್ಟ್ಸ್ ವಿನ್ಯಾಸ ಹಾಗೂ ನಡವಳಿಕೆಗಳ ನಡುವೆ ಎಳೆಯಿತು, ಎಡ್ಜ್ ಸೈಡ್ ಇನ್‌ಕ್ಲೂಡ್ಸ್ ಭಾಗಗಳ ಆಯುಸ್ಸನ್ನು ಅನುಸರಿಸಿ ಎಳೆಯಿತು. ಗೆರೆಯನ್ನು ಎಳೆದವರು ತಮ್ಮ ಅನುಕೂಲವನ್ನೂ ತಮ್ಮ ಭಾಷೆಯ ಅನುಕೂಲವನ್ನೂ ನೋಡಿಕೊಂಡರೆ ಅದರಲ್ಲಿ ಅಚ್ಚರಿಯಿಲ್ಲ. ಕನ್ನಡದ ಪುಟದಲ್ಲಿ ಆ ಗೆರೆ ನಾಮಪದಕ್ಕೂ ಅದರ ವಿಭಕ್ತಿಗೂ ನಡುವೆ ಬೀಳಕೂಡದು. ಅದನ್ನು ಸರಿಯಾದ ಕಡೆ ಎಳೆಯಲು ಕ್ರಮವಿಧಿಯ ಬಲ್ಲವರೂ ವ್ಯಾಕರಣದ ಬಲ್ಲವರೂ ಒಂದೆಡೆ ಕುಳಿತು ಕೆಲಸ ಮಾಡಬೇಕು. ಹಾಗೆ ಸಿದ್ಧವಾದ ಒಂದು ವಿಭಕ್ತಿಘಟಕವು ಒಂದೇ ಕಡೆ ಇದ್ದುಕೊಂಡು, ಅದನ್ನು ಕರೆದ ಪ್ರತಿಯೊಂದು ಪುಟದಲ್ಲಿಯೂ ಕನ್ನಡವನ್ನು ಕನ್ನಡವಾಗಿ ನಿಲ್ಲಿಸಬಲ್ಲದು.